ಎಣ್ಣೆಗಲ್ಲಿನ ಮೇಲೆ ಮಾವನ ಬಾಣ

ಅಕ್ಟೋಬರ್ 4

ಮಾವ,

ಮೊದಲು ಒಳ್ಳೆಯ ಸುದ್ದಿ. ನನ್ನನ್ನು ಇನ್ನೂ ಕೆಲಸದಿಂದ ತೆಗೆದಿಲ್ಲ. ಮೂರು ತಿಂಗಳಾಯಿತು. ಬಟ್ಟೆ ಅಂಗಡಿಯಲ್ಲಿ ಹತ್ತು ದಿನ, ಔಷಧಿ ಅಂಗಡಿಯಲ್ಲಿ ಒಂದು ತಿಂಗಳು ಬಾಳಿದವಳು ನಾನು. ಅಮ್ಮನಿಗೆ ಇದೊಂದು ಪವಾಡ. ದಿನಾ ಸಂಜೆ ಬಾಗಿಲಿಗೆ ಅಡ್ಡ ನಿಂತು, "ಇವತ್ತು ಯಾರಿಗೆ ಏನಂದೆ?" ಎಂದು ವಿಚಾರಣೆ ಮಾಡುತ್ತಾಳೆ. "ಯಾರಿಗೂ ಏನೂ ಅನ್ಲಿಲ್ಲಮ್ಮ" ಅಂದರೆ, "ಸದ್ಯ! ಕೋಟು ಹೊರಗೇ ಬಿಚ್ಚಿ ಬಾ" ಅನ್ನುತ್ತಾಳೆ.

ಕೋಟಿನ ವಿಷಯ ನಿನಗೆ ಹೇಳಬೇಕಾಗಿಲ್ಲ. ನೀವು ಭೂಮಿಯ ದಕ್ಷಿಣ ತುದಿಯ ಆ ಹಿಮದ ನಾಡಿನಿಂದ ಕಳಿಸುವ ಎಣ್ಣೆಗಲ್ಲು ಕೊಳೆತ ಮೀನನ್ನು ಮೇಣದಲ್ಲಿ ಕರಗಿಸಿಟ್ಟ ಹಾಗೆ ನಾರುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಆರಾಮಾಗಿ ಕಾಲು ಚಾಚಿ ಕೂರುತ್ತೇನೆ.

ಕೆಲಸ ಸಿಕ್ಕಿದ್ದು ಹೇಗೆ ಅಂತ ಅಮ್ಮ ನಿನಗೆ ಅರ್ಧ ಹೇಳಿರುತ್ತಾಳೆ. ಅಪ್ಪ ಮಾಡಿದ ಕಪಾಟು ಜೋಡಿಸಲು ಪ್ರಯೋಗಾಲಯಕ್ಕೆ ಹೋಗಿದ್ದೆ. ಅಲ್ಲಿನ ವಿಜ್ಞಾನಿ ಮೇಡಂ ದಪ್ಪ ಹಲ್ಲಿನ ಗರಗಸದಿಂದ ಏನನ್ನೋ ಕೊಯ್ಯುತ್ತಿದ್ದರು. "ಹೀಗೆ ಕೊಯ್ದ್ರೆ ಪುಡಿ ಮಾತ್ರ ಸಿಗುತ್ತೆ" ಅಂದೆ. "ಹಾಗಾದ್ರೆ ನೀನೇ ಕೊಯ್ದು ತೋರ್ಸು" ಅಂದರು. ತೋರಿಸಿದೆ. ಎಷ್ಟು ಓದಿದ್ದೀಯ ಎಂದು ಕೇಳಿದ್ದು ಎರಡು ವಾರದ ಮೇಲೆ. ಹತ್ತನೇ ಕ್ಲಾಸು, ಅದೂ ಪೂರ್ತಿಯಲ್ಲ ಅಂದೆ. "ಗರಗಸಕ್ಕೆ ಗೊತ್ತಾಗಲ್ಲ ಬಿಡು" ಅಂದರು.

ಮೇಡಂ ಹೇಳಿಕೊಟ್ಟದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಿಮ್ಮ ಕಡೆಯ ಆ ಬಿಳಿ ಹಕ್ಕಿ ಬಂಡೆಯ ಬಿರುಕಿನಲ್ಲಿ ಗೂಡು ಮಾಡುತ್ತದೆ. ಹತ್ತಿರ ಬಂದವರ ಮೇಲೆ ಹೊಟ್ಟೆಯ ಎಣ್ಣೆಯನ್ನು ಉಗಿಯುತ್ತದೆ. ಉಗಿದದ್ದು ಚಳಿಗೆ ಗಟ್ಟಿಯಾಗಿ, ಅದರ ಮೇಲೆ ಮರಿಮಕ್ಕಳ ಉಗುಳೂ ಸೇರಿ, ಪದರ ಪದರವಾಗಿ ಸಾವಿರಾರು ವರ್ಷ ಬೆಳೆದದ್ದೇ ಎಣ್ಣೆಗಲ್ಲು. ಮೀನು ತಿಂದ ಕಾಲದ ಪದರದಲ್ಲಿ ಮೀನಿನ ಗುರುತು, ಸಣ್ಣ ಸಿಗಡಿ ತಿಂದ ಕಾಲದಲ್ಲಿ ಸಿಗಡಿಯ ಗುರುತು. ಕಡಲ ಮೇಲೆ ಹಿಮ ಎಲ್ಲಿಯವರೆಗೆ ಹರಡಿತ್ತೋ ಅದನ್ನು ನೋಡಿಕೊಂಡು ಹಕ್ಕಿಯ ಊಟ. ಅಂದರೆ ಹಿಮಯುಗದ ಕಡಲಿನಲ್ಲಿ ಯಾರು ಬದುಕಿದ್ದರು, ಯಾರು ಓಡಿಹೋದರು ಎಂಬುದಕ್ಕೆ ಉಗುಳೇ ಸಾಕ್ಷಿ. ಇದು ನನ್ನ ಶಾಲೆಯ ಪುಸ್ತಕದಲ್ಲಿ ಇದ್ದಿದ್ದರೆ ಇನ್ನೊಂದು ವರ್ಷ ಕೂತಿರುತ್ತಿದ್ದೆನೋ ಏನೋ.

ಮುಂದಿನ ತಿಂಗಳು ನೀನು ಕಳಿಸಿದ ಕಲ್ಲಿನ ಸರದಿ. ಕಂಡ ಕೂಡಲೇ ಗುರುತು ಹಿಡಿದೆ. ಕೆಂಪು ಬಣ್ಣದ ಬಾಣ, ಬಾಲ ಸೊಟ್ಟ. ನಮ್ಮ ಮನೆಯ ಮೀಟರಿನ ಮೇಲೆ ನೀನು ಬರೆದದ್ದೂ ಹಾಗೇ ಇದೆ. ಬಂಡೆಯಿಂದ ಕೀಳುವ ಮೊದಲೇ ಮೇಲ್ತುದಿ ಯಾವುದೆಂದು ಬಾಣ ಬರೆಯಬೇಕು, ಅದು ಇಲ್ಲದಿದ್ದರೆ ಕಲ್ಲು ಮೂಕ ಎಂದು ಮೇಡಂ ಹೇಳುತ್ತಿರುತ್ತಾರೆ. ಇಷ್ಟು ಹಳೆಯ ಕಲ್ಲು ಈ ಕೋಣೆಗೆ ಇನ್ನೊಂದು ಬಂದಿಲ್ಲವಂತೆ. ತೆಗೆದವನು ನಮ್ಮ ಮಾವ ಎಂದು ಜಂಬದಿಂದ ಹೇಳಿಕೊಂಡಿದ್ದೇನೆ.

ನಿನ್ನ ಗರಗಸ


ನವೆಂಬರ್ 2

ಗರಗಸ,

ಎಂಟು ತಿಂಗಳ ಮೇಲೆ ಮೊದಲ ವಿಮಾನ ನಿನ್ನೆ ಇಳಿಯಿತು. ಒಂದು ಮೂಟೆ ಈರುಳ್ಳಿ, ಜನರೇಟರಿನ ಬೆಲ್ಟು, ನಿನ್ನ ಪತ್ರ. ಈರುಳ್ಳಿ ನೋಡಿ ಎಲ್ಲರೂ ಹೆಚ್ಚುವ ಮೊದಲೇ ಅತ್ತರು.

ಫೋನು ಮಾಡಲ್ಲ ಅಂತ ಅಕ್ಕ ಬೈಯುತ್ತಿರಬೇಕು. ಫೋನು ಇರುವುದು ಊಟದ ಕೋಣೆಯ ಗೋಡೆಯಲ್ಲಿ. ನಾನು ಹಲೋ ಅಂದರೆ ಇಪ್ಪತ್ತೆರಡು ಜನ ಚಮಚ ಅಲ್ಲಾಡಿಸದೆ ಕೇಳುತ್ತಾರೆ. ಕಂಪ್ಯೂಟರು ನಮ್ಮ ಸಂಶೋಧನಾ ಠಾಣೆಯ ಮುಖ್ಯಸ್ಥರ ಮೇಜಿನ ಮೇಲಿದೆ. ನಾವು ಅವರನ್ನು ಗಡ್ಡದ ಸಾಹೇಬರು ಅನ್ನುತ್ತೇವೆ. ಇಲ್ಲಿ ಎಲ್ಲರಿಗೂ ಗಡ್ಡವಿದೆ, ಆದರೆ ಅವರದು ಅವರಿಗಿಂತ ಮೊದಲು ಕೋಣೆಯೊಳಕ್ಕೆ ಬರುತ್ತದೆ. ಅದಕ್ಕೇ ನನಗೆ ಕಾಗದವೇ ವಾಸಿ.

ಹೌದು, ಆ ಕಲ್ಲು ತೆಗೆದವನು ನಾನೇ. ಮೆಕ್ಯಾನಿಕ್ಕಿಗೆ ಹಕ್ಕಿ ಗೂಡಿನಲ್ಲಿ ಏನು ಕೆಲಸ ಅನ್ನಬೇಡ. ಹಿಮದ ಗಾಡಿ ಓಡಿಸಿಕೊಂಡು ಹೋದೆ. ಉಳಿಯ ಪೆಟ್ಟು ಎಲ್ಲಿ ಹಾಕಬೇಕೆಂದು ಗೊತ್ತಿದ್ದವನೂ ನಾನೊಬ್ಬನೇ. ಸಾಹೇಬರು ಆಚೆ ಬಂಡೆಯ ಮೇಲೆ ಅಳತೆ ಮಾಡುತ್ತಿದ್ದರು. ಸಾಗಿಸುವಾಗ ಎರಡು ತುಂಡಾಯಿತು, ಟೇಪು ಸುತ್ತಿದ್ದೇನೆ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಗುಟ್ಟೊಂದು ಹೇಳುತ್ತೇನೆ, ಅಕ್ಕನಿಗೂ ಹೇಳಬೇಡ. ಮುಂದಿನ ವರ್ಷಕ್ಕೆ ನನ್ನನ್ನು ಮುಖ್ಯ ಮೆಕ್ಯಾನಿಕ್ ಮಾಡಬೇಕೆಂದು ಸಾಹೇಬರು ಬರೆಯುತ್ತಾರಂತೆ. ಜನವರಿಯಲ್ಲಿ ಕಾಗದ ಬರುತ್ತದೆ. ನನಗೆ ನಲವತ್ತಾರು. ಇಷ್ಟು ವರ್ಷ ಯಾರದೋ ಕೈಕೆಳಗೆ, ರಜೆ ಬಂದರೆ ಅಕ್ಕನ ಮನೆಯ ಮೂಲೆ. ಒಂದು ಸಲ ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ ನೋಡಬೇಕು ಕಣೇ. ಹಲಗೆ ನೀನೇ ಮಾಡಿಕೊಡು.

ಮಾವ


ನವೆಂಬರ್ 18

ಮಾವ,

ಒಂದು ಪ್ರಶ್ನೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಬಾಣ ಯಾವಾಗ ಬರೆದೆ? ಕೀಳುವ ಮೊದಲೋ, ಎರಡು ತುಂಡಾದ ಮೇಲೋ?

ಮೊನ್ನೆ ಮೇಲಿನ ತುಂಡು ಕೊಯ್ದು ಮುಗಿಸಿ, ಟೇಪು ಬಿಚ್ಚಿ ಕೆಳಗಿನದಕ್ಕೆ ಬಂದೆ. ಮುರಿದ ಹಲಗೆಯ ಎರಡು ತುದಿಗಳು ಒಂದನ್ನೊಂದು ಬಿಟ್ಟು ಬೇರೆ ಯಾರನ್ನೂ ಒಪ್ಪುವುದಿಲ್ಲ ಎಂದು ಅಪ್ಪ ಹೇಳುತ್ತಾನಲ್ಲ, ಇವು ಒಪ್ಪಲಿಲ್ಲ. ಮೇಲಿನ ತುಂಡಿನ ತುದಿ ಮುರಿದ ಸೋಪಿನ ಹಾಗೆ ಹೊಸದಾಗಿದೆ. ಅದಕ್ಕೆ ತಾಗಿಕೊಂಡಿದ್ದ ಕೆಳಗಿನ ತುಂಡಿನ ತುದಿಯಲ್ಲಿ ಬಂಡೆಯ ಹರಳು ಅಂಟಿದೆ. ಬಂಡೆಯ ಹರಳು ಇರಬೇಕಾದ್ದು ತಳದಲ್ಲಿ, ನಡುವೆ ಅಲ್ಲ. ಕೆಳಗಿನ ತುಂಡನ್ನು ತಿರುಗಿಸಿ ಇಟ್ಟೆ. ಟಕ್ಕೆಂದು ಕೂತಿತು, ಉಗುರು ತೂರಿಸಲೂ ಸಂದಿಲ್ಲ. ಆದರೆ ಹಾಗೆ ಇಟ್ಟರೆ ಅದರ ಮೇಲಿನ ನಿನ್ನ ಬಾಣ ನೆಲ ನೋಡುತ್ತದೆ.

ಇದು ಸಣ್ಣ ವಿಷಯವಲ್ಲ. ಮೇಡಂ ಆಗಸ್ಟಿನಲ್ಲೇ ಟೇಪು ಬಿಚ್ಚದೆ ಪಕ್ಕದಿಂದ ಸಣ್ಣ ತೂತು ಕೊರೆದು ಮಾದರಿ ತೆಗೆದಿದ್ದಾರೆ. ಅದರ ಮೇಲೆ ಲೇಖನವನ್ನೂ ಬರೆದಿದ್ದಾರೆ. ಕೆಳಗಿನ ತುಂಡಿನ ತಳದಲ್ಲಿ ಮೀನು, ಮೇಲೆ ಹೋದ ಹಾಗೆ ಬರೀ ಸಿಗಡಿ. ಹಾಗಾಗಿ ಹಿಮಯುಗದ ಚಳಿ ಏರುತ್ತಾ ಹೋದಂತೆ ತೀರದ ಕಡಲಿಗೆ ಹಿಮದ ಮುಚ್ಚಳ ಬಿತ್ತು, ಹತ್ತಿರದ ಮೀನು ಇಲ್ಲವಾಯಿತು, ಹಕ್ಕಿಗಳು ದೂರದ ಹಿಮದಂಚಿಗೆ ಹಾರಿ ಸಿಗಡಿ ತಂದು ಬದುಕಿದವು ಎಂದು ಬರೆದಿದ್ದಾರೆ. ತುಂಡು ತಲೆಕೆಳಗಾಗಿದ್ದರೆ ಇಷ್ಟೂ ತಲೆಕೆಳಗು. ಲೇಖನ ಡಿಸೆಂಬರ್ 12ಕ್ಕೆ ಹೋಗುತ್ತದೆ.

ಮೇಡಂಗೆ ಇನ್ನೂ ಹೇಳಿಲ್ಲ. ಎರಡು ದಿನದಿಂದ ಗರಗಸಕ್ಕೆ ಅರ ಹಾಕುವ ನಾಟಕ ಮಾಡುತ್ತಿದ್ದೇನೆ. ನೀನು ಆ ಜನವರಿಯ ಕಾಗದದ ವಿಷಯ ಬರೆಯದೆ ಇದ್ದಿದ್ದರೆ ಮೊನ್ನೆಯೇ ಹೇಳಿಬಿಡುತ್ತಿದ್ದೆ. ನಿನ್ನ ಬೆನ್ನ ಹಿಂದೆ ಹೇಳಲು ಮನಸ್ಸಿಲ್ಲ. ಡಿಸೆಂಬರ್ 10ರ ತನಕ ಕಾಯುತ್ತೇನೆ. ತುಂಡಾದ ಮೇಲೆ ಬರೆದೆಯಾ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.


ಡಿಸೆಂಬರ್ 11

ಮಾವ,

ನಿನ್ನ ಪತ್ರ ಬರಲಿಲ್ಲ. ಅಲ್ಲಿ ಗಾಳಿ ಎದ್ದು ವಿಮಾನ ಹಾರುತ್ತಿಲ್ಲ ಎಂದು ಮೇಡಂ ಹೇಳುತ್ತಿದ್ದರು. ಅದು ನಿಜವೋ, ನೀನು ಬರೆದೇ ಇಲ್ಲವೋ ಗೊತ್ತಿಲ್ಲ. ನಿನ್ನೆ ಹೇಳಿಬಿಟ್ಟೆ. ಬೇರೆ ಯಾರ ಬಾಯಿಂದಲೋ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೇಡಂ ಚಹಾ ಹಿಡಿದು ಬಂದರು.

"ಮೇಡಂ, ಕೆಳಗಿನ ತುಂಡು ತಲೆಕೆಳಗಾಗಿದೆ."

"ಯಾವ ಕಲ್ಲಿಂದು?"

"ಮಾವ ಕಳಿಸಿದ್ದು."

ಲೋಟ ಕಿಟಕಿಯಲ್ಲಿಟ್ಟು ಬಂದರು. ಎರಡು ರೀತಿಯಲ್ಲೂ ಇಟ್ಟು ತೋರಿಸಿದೆ. ಅವರೂ ಸಂದಿಗೆ ಉಗುರು ಹಾಕಿ ನೋಡಿದರು. ಕನ್ನಡಕ ತೆಗೆದು ಹರಳು ನೋಡಿದರು. ನಾನು ಗೂಟದ ಮೇಲಿನ ನನ್ನ ಚೀಲದ ಕಡೆ ನೋಡಿದೆ. ಇನ್ನೇನು ಮನೆಗೆ ನಡಿ ಅಂತಾರೆ ಅಂದುಕೊಂಡೆ. ಅವರು ಮೇಜಿನ ಖಾನೆ ಎಳೆದು ಒಂದು ಹಾಳೆ ಕೊಟ್ಟರು.

"ಓದು."

ಕಲ್ಲಿನ ನಾಲ್ಕು ಪದರಗಳ ವಯಸ್ಸು ಬರೆದಿತ್ತು. ಮೇಲಿನಿಂದ ಕೆಳಕ್ಕೆ ಹೋದ ಹಾಗೆ ವಯಸ್ಸು ಹೆಚ್ಚಬೇಕು. ಮೂರನೆಯದರ ತನಕ ಹೆಚ್ಚಿತ್ತು. ಎಲ್ಲಕ್ಕಿಂತ ಕೆಳಗಿನ ನಾಲ್ಕನೆಯದು ಮೂರನೆಯದಕ್ಕಿಂತ ಆರು ಸಾವಿರ ವರ್ಷ ಚಿಕ್ಕದು.

"ಇದು ಯಾವಾಗ ಬಂದದ್ದು ಮೇಡಂ?"

"ಸೆಪ್ಟೆಂಬರ್‌ನಲ್ಲಿ. ನಂಬದೆ ಮತ್ತೆ ಕಳಿಸ್ದೆ. ಮತ್ತೆ ಅದೇ ಬಂತು. ಮಾದರಿ ಕೆಟ್ಟಿದೆ ಅಂತ ಒಂದು ಸಾಲು ಬರ್ದು ನಾಲ್ಕನೇದನ್ನ ಬಿಟ್ಟೇ ಬಿಡೋಣ ಅಂತಿದ್ದೆ ಕಣೇ. ಬರ್ದೂ ಆಗಿತ್ತು." ಹಾಗೇ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕರು, ನಗುತ್ತಾ ಕಣ್ಣು ಒರೆಸಿಕೊಂಡರು. "ಅಬ್ಬ, ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು. ಮೂರು ತಿಂಗಳಿಂದ ನನ್ನ ಕಣ್ಣೇ ಸುಳ್ಳು ಹೇಳ್ತಿದೆ ಅಂದ್ಕೊಂಡಿದ್ದೆ."

ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಅವರು ಬಿಡಲಿಲ್ಲ. "ಯಾವಾಗ ಗೊತ್ತಾಯ್ತು ನಿಂಗೆ?"

"ಮೂರುವರೆ ವಾರ ಆಯ್ತು."

"ಇಷ್ಟು ದಿನ ಬಾಯಿಗೆ ಬೀಗ ಯಾಕೆ?"

"ಮಾವನ ಉತ್ತರಕ್ಕೆ ಕಾಯ್ತಿದ್ದೆ."

"ಅವರ ಬಾಣಾನಾ ಇದು?"

"ಹೌದು ಮೇಡಂ."

ಲೇಖನ ತಡೆದಿದ್ದಾರೆ. ನಿಮ್ಮ ಸಾಹೇಬರಿಗೆ ಬರೆಯುತ್ತಾರೆ. ನಿನ್ನ ಕೆಲಸ ಹೋದರೆ ಅದು ನನ್ನ ಬಾಯಿಂದ ಹೋದದ್ದು, ಅದರಲ್ಲಿ ಎರಡು ಮಾತಿಲ್ಲ. ನೆನಪಿದೆಯಾ, ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದಿದ್ದನ್ನು ನಾನು ಹೇಳಿದ್ದಕ್ಕೆ ನಲವತ್ತು ಜನರ ಫಲಿತಾಂಶ ನಿಂತಿತು. ನನ್ನದೂ. ಯಾರೂ ಮಾತಾಡಿಸದೆ ನಾನು ಶಾಲೆ ಬಿಟ್ಟೆ. ಆಗ ಮನೆಯಲ್ಲಿ ನೀನೊಬ್ಬನೇ "ಸರಿಯಾಗೇ ಹೇಳಿದ್ದೀಯ, ಊಟ ಮಾಡು" ಅಂದದ್ದು. ಈ ಸಲ ಹಾಗೆ ಅನ್ನಲು ನೀನೇ ಎದುರು ಪಕ್ಷದಲ್ಲಿದ್ದೀಯ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ತಿರುಗಿಸಿ ಓದಿದರೆ, ಎಲ್ಲಕ್ಕಿಂತ ಕಡು ಚಳಿಯ ಪದರಗಳಲ್ಲಿ ಇರುವುದು ಮೀನು. ಅಷ್ಟು ಹಿಮದಲ್ಲೂ ಗೂಡಿಗೆ ಹತ್ತಿರವೇ ಎಲ್ಲೋ ನೀರು ತೆರೆದುಕೊಂಡಿರಬೇಕು, ಅದರಲ್ಲಿ ಮೀನು ಬದುಕಿರಬೇಕು ಎನ್ನುತ್ತಾರೆ ಮೇಡಂ. ಒಂದೇ ಕಲ್ಲು ನೋಡಿ ಎಲ್ಲಾ ಕಡಲಿಗೂ ಹೇಳುವ ಹಾಗಿಲ್ಲ ಅಂತಲೂ ಹೇಳಿದರು. ಆದರೂ ಮಧ್ಯಾಹ್ನ ಊಟ ಸೇರಿತು.


ನವೆಂಬರ್ 30

ಗರಗಸ,

ಹೌದು. ಎರಡಾದ ಮೇಲೆ ಬರೆದೆ.

ಬಣ್ಣದ ಡಬ್ಬಿ ಚಳಿಗೆ ಹೆಪ್ಪುಗಟ್ಟಿತ್ತು. ಬ್ರಷ್ಷು ಊರಲಿಲ್ಲ. ಕೆಳಗೆ ಗಾಡಿಯ ಹತ್ತಿರ ಹೋಗಿ ಬರೆದರಾಯಿತು ಎಂದು ಕಿತ್ತುಬಿಟ್ಟೆ. ಇಳಿಯುವಾಗ ಕಾಲು ಜಾರಿತು. ಕಲ್ಲು ಉರುಳಿ ಎರಡಾಯಿತು. ಮೇಲಿನ ತುಂಡಿನ ಒಂದು ತುದಿಗೆ ಗಾಳಿ ಬಿಸಿಲಿಗೆ ಎದ್ದ ಬಿಳಿ ಸಿಪ್ಪೆ ಇತ್ತು, ಹಾಗಾಗಿ ಅದರ ತಲೆ ಯಾವುದೆಂದು ಗೊತ್ತಾಯಿತು. ಕೆಳಗಿನದನ್ನು ಅಂದಾಜಿನ ಮೇಲೆ ಇಟ್ಟೆ. ಎಂಜಿನ್ನಿನ ಬಿಸಿಗೆ ಡಬ್ಬಿ ಹಿಡಿದು ಬಣ್ಣ ಕರಗಿಸಿ ಬಾಣ ಬರೆದೆ, ಟೇಪು ಸುತ್ತಿದೆ. ಸಾಹೇಬರು ಬರುವಷ್ಟರಲ್ಲಿ ಎಲ್ಲ ಚೊಕ್ಕ.

ಈಗ ಕೇಳು. ನೀನು ಹೇಳಬೇಡ. ಜನವರಿ ಕಳೆಯಲಿ, ಕಾಗದ ಕೈಗೆ ಬರಲಿ, ಆಮೇಲೆ ನಾನೇ ಸಾಹೇಬರ ಮುಂದೆ ನಿಂತು ಹೇಳುತ್ತೇನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಪ್ಪತ್ತು ಸಾವಿರ ವರ್ಷ ಕಾದ ಕಲ್ಲು ಇನ್ನೆರಡು ತಿಂಗಳು ಕಾಯುವುದಿಲ್ಲವಾ?

ನಿನ್ನನ್ನು ನಾನು ಹಿಂದೆ ಏನೂ ಕೇಳಿಲ್ಲ. ಇದೊಂದು ಕೇಳುತ್ತಿದ್ದೇನೆ. ಪತ್ರ ಓದಿ ಹರಿದು ಹಾಕು, ಅಕ್ಕನ ಕಣ್ಣಿಗೆ ಬೀಳಬಾರದು.

ಇಲ್ಲಿ ಈಗ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದು ಬರೆಯೋಣವೆಂದರೆ ರಾತ್ರಿಯೇ ಇಲ್ಲ.

ಮಾವ


ಡಿಸೆಂಬರ್ 21

ಮಾವ,

ನವೆಂಬರ್ 30ರ ನಿನ್ನ ಪತ್ರ ಇವತ್ತು ಬಂತು. ನಾನು ಮೇಡಂಗೆ ಹೇಳಿ ಹನ್ನೊಂದು ದಿನವಾಗಿದೆ. ಅದನ್ನೂ ನಿನಗೆ ಬರೆದಿದ್ದೇನೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಆ ಪತ್ರ ತಲುಪಿರುತ್ತದೋ, ಗಾಳಿಗೆ ಎಲ್ಲೋ ಕೂತಿರುತ್ತದೋ.

ಬಸ್‌ಸ್ಟಾಪಿನಲ್ಲಿ ನಿಂತು ಎರಡು ಸಲ ಓದಿದೆ. ಮೊದಲು ಬಂದ ಮಾತು, "ಸದ್ಯ, ತಡವಾಗಿ ಬಂತು." ಅದು ಬಾಯಿಂದಲೇ ಬಂತು, ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು.

ಯಾಕೆ ಹಾಗೆ ಅಂದೆ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಇದು ಡಿಸೆಂಬರ್ 9ಕ್ಕೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ? ನೇರವಾಗಿ ಹೋಗಿ ಹೇಳಿಬಿಡುತ್ತಿದ್ದೆ ಎಂದು ಬರೆಯಬಹುದು. ಬರೆದರೆ ನೀನು ನಂಬುತ್ತೀಯ, ಎಲ್ಲರೂ ನಂಬುತ್ತಾರೆ. ಆದರೆ ನನಗೆ ಗೊತ್ತಿಲ್ಲ ಮಾವ. ನೀನು ಕೇಳಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೇನೋ. ಮೂರುವರೆ ವಾರ ಆಗಲೇ ಸುಮ್ಮನಿದ್ದೆ, ಮೇಡಂ ದಿನಾ ಎದುರಿಗೆ ಕೂತು ಊಟ ಮಾಡುತ್ತಿದ್ದರು. ಸತ್ಯ ಹೇಳುವವಳು ಎಂದು ಊರೆಲ್ಲ ನನಗೆ ಹೆಸರಿಟ್ಟಿದೆ. ಈ ಸಲ ಸತ್ಯ ಹೇಳಿಸಿದ್ದು ನಿಮ್ಮ ಕಡೆಯ ಗಾಳಿ.

ನಿನ್ನ ಮೇಲೆ ಸಿಟ್ಟಿದೆ. ಕಲ್ಲು ಬೀಳಿಸಿದ್ದಕ್ಕಲ್ಲ, ಯಾರ ಕಾಲೂ ಜಾರುತ್ತದೆ. ನವೆಂಬರಿನ ಮೊದಲ ಪತ್ರದಲ್ಲಿ "ತಲೆ ಕೆಡಿಸಿಕೊಳ್ಳಬೇಡ" ಎಂದು ಬರೆದೆಯಲ್ಲ, ಅದಕ್ಕೆ. ನಿನ್ನ ಕೆಲಸದ ಗತಿ ಏನಾಯಿತೆಂದು ಬರೆ. ಬೈದಾದರೂ ಬರೆ.


ಜನವರಿ 14

ಗರಗಸ,

ಬೈಯಬೇಕೆಂದೇ ಇದ್ದೆ. ಮೂರು ದಿನ ಮನಸ್ಸಿನಲ್ಲೇ ಬೈದು ಮುಗಿಸಿದೆ, ಈಗ ಬರೆಯಲು ಏನೂ ಉಳಿದಿಲ್ಲ.

ನಿಮ್ಮ ಮೇಡಂ ಬರೆದದ್ದು ಬಂದ ದಿನ ಸಾಹೇಬರು ಊಟದ ಕೋಣೆಯಲ್ಲಿ ಏನೂ ಅನ್ನಲಿಲ್ಲ. ಜನರೇಟರ್ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಆ ಸದ್ದಿನಲ್ಲಿ ಕಿರುಚಿಯೇ ಮಾತಾಡಬೇಕು. ಗುಟ್ಟಿನ ಮಾತನ್ನು ಇಬ್ಬರೂ ಕಿರುಚಿದೆವು.

"ಬಾಣ ಯಾವಾಗ ಬರೆದ್ರಿ?"

"ಬಿದ್ದ ಮೇಲೆ ಸಾರ್!"

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್!"

"ಕೇಳ್ಬೇಕಿತ್ತು! ಅದು ನನ್ನ ತಪ್ಪು!" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಆದ್ರೆ ಮುಖ್ಯ ಮೆಕ್ಯಾನಿಕ್ ಕೆಲಸಕ್ಕೆ ಈ ವರ್ಷ ನಿಮ್ಮ ಹೆಸರು ಬರೆಯಲ್ಲ! ನಾಳೆ ಇದರ ಒಂದು ಬೋಲ್ಟು ಸಡಿಲ ಆದ್ರೂ ಹೀಗೇ ಟೇಪು ಸುತ್ತಿ ಕೂತ್ರೆ ನಾವೆಲ್ಲ ಚಳಿಗೆ ಸಾಯ್ತೀವಿ!" ಅಂದರು.

ಹಾಗಾಗಿ ಹಲಗೆ ಮಾಡಬೇಡ. ಈಗಿರುವ ಕೆಲಸ ಇದೆ, ಅದಕ್ಕೆ ಏನೂ ಆಗಿಲ್ಲ. ಮುಂದಿನ ವರ್ಷ ನೋಡೋಣ ಅಂದಿದ್ದಾರೆ.

ನಿನ್ನ ಎರಡೂ ಪತ್ರ ಒಂದೇ ಚೀಲದಲ್ಲಿ ಬಂದವು. ಮೊದಲನೆಯದನ್ನು ಓದಿ ಮೂಲೆಗೆ ಎಸೆದೆ. ಎರಡನೆಯದನ್ನು ಓದಿ ಮೂಲೆಗೆ ಹೋಗಿ ಮೊದಲನೆಯದನ್ನು ಎತ್ತಿಕೊಂಡೆ. ನೀನು ಸುಮ್ಮನಿದ್ದುಬಿಡುತ್ತಿದ್ದೆಯೇನೋ ಎಂದು ಬರೆದೆಯಲ್ಲ. ಅದನ್ನು ಓದಿ ನನಗೆ ಹೆದರಿಕೆಯಾಯಿತು ಕಣೇ. ನನ್ನ ಹಲಗೆಯ ಆಸೆಗೆ ನಿನ್ನನ್ನು ಕೆಡಿಸಲು ಹೊರಟಿದ್ದೆ. ಆ ಗಾಳಿ ಎದ್ದದ್ದಕ್ಕೆ ಎಲ್ಲರೂ ಹದಿನೈದು ದಿನ ಶಾಪ ಹಾಕಿದ್ದರು. ನಾನು ಮಾತ್ರ ಈಗ ಹೊರಗೆ ಹೋಗಿ ಅದಕ್ಕೊಂದು ಸಲಾಂ ಹೊಡೆದು ಬಂದೆ.

ಕಳೆದ ವಾರ ಸಾಹೇಬರು ನನ್ನನ್ನೇ ಕರೆದುಕೊಂಡು ಅದೇ ಬಿರುಕಿಗೆ ಹೋದರು. ಕಲ್ಲು ಕಿತ್ತ ಜಾಗದಲ್ಲಿ ಬಂಡೆ ಬೋಳಾಗಿದೆ. ನಿಮ್ಮ ಮೇಡಂ ಕಳಿಸಿದ ಹರಳಿನ ಚಿತ್ರವನ್ನು ಪಕ್ಕದಲ್ಲಿ ಹಿಡಿದು ನೋಡಿದೆವು. ಬಂಡೆಯ ಕಪ್ಪು ಗೆರೆಗೆ ಚಿತ್ರದ ಕಪ್ಪು ಗೆರೆ ಸರಿಯಾಗಿ ಸೇರಿತು. ನೀನು ತಿರುಗಿಸಿದ್ದೇ ಸರಿ. ಪಕ್ಕದ ಗೂಡಿನಿಂದ ಹಕ್ಕಿ ಸಾಹೇಬರ ಗಡ್ಡಕ್ಕೇ ಗುರಿಯಿಟ್ಟು ಉಗಿಯಿತು. ನಗಲಾರದೆ ಬಂಡೆಯ ಕಡೆ ತಿರುಗಿ ನಿಂತೆ. ದೂರದಲ್ಲಿ, ಬಿಳಿ ಹಿಮದ ನಡುವೆ, ಕಪ್ಪು ನೀರಿನ ಒಂದು ಪಟ್ಟಿ ಕಾಣುತ್ತಿತ್ತು. ಹಕ್ಕಿಗಳು ಅತ್ತಲೇ ಹಾರುತ್ತಿದ್ದವು. ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಅದನ್ನು ನಿಂತು ನೋಡಿರಲಿಲ್ಲ.

ಮಾರ್ಚಿನ ಹಡಗಿಗೆ ರಜೆಯ ಮೇಲೆ ಬರುತ್ತಿದ್ದೇನೆ. ಅಕ್ಕನಿಗೆ ಏನು ಹೇಳುವುದೋ ಗೊತ್ತಿಲ್ಲ. ಆ ನವೆಂಬರಿನ ಪತ್ರ ಹರಿದು ಹಾಕಿದೆ ತಾನೆ?

ಮಾವ


ಫೆಬ್ರವರಿ 2

ಮಾವ,

ಹರಿದಿಲ್ಲ. ಅಮ್ಮ "ಅವನ ಪತ್ರ ಬಂದಿದ್ಯಾ?" ಎಂದು ಕೇಳಿದಳು. ಬಂದಿದೆ ಅಂದೆ. "ಏನಂತೆ?" ಅಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕೈಗೆ ಕೊಟ್ಟುಬಿಟ್ಟೆ. ಎಲ್ಲವನ್ನೂ, ಮೊದಲಿನಿಂದ.

ಅಡುಗೆಮನೆಯ ಮಣೆಯ ಮೇಲೆ ಕೂತು ಒಂದೊಂದೇ ಓದಿದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಆ ಈರುಳ್ಳಿಯ ಜಾಗದಲ್ಲಿ ಒಮ್ಮೆ ನಕ್ಕಳು. ನವೆಂಬರ್ 30ರದನ್ನು ಎರಡು ಸಲ ಓದಿ ಮಡಿಚಿಟ್ಟಳು. ಆಮೇಲೆ, "ಚಿಕ್ಕವನಿದ್ದಾಗ ನನ್ನ ಕನ್ನಡಿ ಒಡೆದು ಗೋಂದು ಹಚ್ಚಿ ಗೋಡೆಗೆ ಸಿಕ್ಕಿಸಿದ್ದ ಕಣೇ. ಒಂದು ತಿಂಗಳು ನನ್ನ ಮೂಗು ಎರಡು ಕಂಡ್ರೂ ನಾನು ಕೇಳ್ಲಿಲ್ಲ. ಕೇಳಿದ್ರೆ ಅಳ್ತಾನೆ ಅಂತ" ಅಂದಳು.

ಮೇಡಂ ಲೇಖನ ಮತ್ತೆ ಬರೆದು ಮೊನ್ನೆ ಕಳಿಸಿದರು. ನಾಲ್ಕನೆಯ ವಯಸ್ಸನ್ನೂ ಸೇರಿಸಿದ್ದಾರೆ. ತುಂಡು ಹೇಗೆ ತಿರುಗಿತ್ತು, ಹೇಗೆ ಗೊತ್ತಾಯಿತು ಎಂಬುದಕ್ಕೆ ಒಂದು ಇಡೀ ಪುಟ ಇದೆ. ನನಗೆ ಮೂರುವರೆ ವಾರದ ಬೈಗುಳ ಒಂದೇ ದಿನ ಕೊಟ್ಟು, ಮಾರನೆಯ ದಿನ ಹೊಸ ಗರಗಸ ತಂದುಕೊಟ್ಟರು.

ಅಮ್ಮ ಪೆನ್ನು ಕೇಳುತ್ತಿದ್ದಾಳೆ. ಮುಂದಿನ ಸಾಲು ಅವಳದು.

ಹುಷಾರಾಗಿ ಬಾರೋ. ಒಡೆದದ್ದು ಏನಿದ್ದರೂ ಜೋಡಿಸಿಕೊಂಡು ತರಬೇಡ, ಒಡೆದ ಹಾಗೇ ತಾ. ಅಕ್ಕ.